ಹಾರುವ ಮೊದಲು ಮೂವತ್ತು ಹೆಜ್ಜೆ



ಈ ಸಲದ ಗೋಡೆ ಪತ್ರಿಕೆಗೆ ನಾನು ರೇಡಿಯೋ ಅಲೆಯಿಂದ ನಡೆಯುವ ಪುಟ್ಟ ಹೆಲಿಕಾಪ್ಟರಿನ ವಿಷಯ ಬರೆಯುತ್ತಿದ್ದೇನೆ. ದೀಪಾವಳಿ ರಜೆಯಲ್ಲಿ ನಮ್ಮ ಕಡಲೆಕಾಯಿ ಹೊಲದಲ್ಲಿ ಅದನ್ನು ನೋಡೋಕೆ ಬಂದವರಲ್ಲಿ ನಿಮ್ಮಲ್ಲೇ ಸುಮಾರು ಜನ ಇದ್ದಿರಿ. "ಅವತ್ತು ಯಾಕೆ ಹಾರಿಸಲಿಲ್ಲ? ನಿಮ್ಮ ಮಾಮಂಗೆ ಹಾರಿಸೋಕೆ ಬರಲ್ವಾ?" ಅಂತ ಇವತ್ತಿಗೂ ಕೇಳುತ್ತೀರಿ. ಒಬ್ಬೊಬ್ಬರಿಗೂ ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲಿ ಬರೆದರೆ ಎಲ್ಲರೂ ಓದಬಹುದು. ಅದಕ್ಕೇ ಬರೆದಿದ್ದೇನೆ.

ನನ್ನ ಸೋದರಮಾವ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. ಭಾನುವಾರ ಬಂತು ಅಂದ್ರೆ ಅವರಿಗೆ ಹೆಲಿಕಾಪ್ಟರಿನ ಹುಚ್ಚು. ನಾನು ಮೊದಲು ಅದನ್ನು ಜಾತ್ರೆಯಲ್ಲಿ ಸಿಗುವ ಆಟದ ಸಾಮಾನು ಅಂತ ತಿಳಿದಿದ್ದೆ. ಆದರೆ ಅದು ಆಟದ ಸಾಮಾನು ಅಲ್ಲ. ತೂಕ ಮುಕ್ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಮೇಲಿನ ಎರಡು ರೆಕ್ಕೆ ಬಿಚ್ಚಿ ಹಿಡಿದರೆ ಈ ತುದಿಯಿಂದ ಆ ತುದಿಗೆ 70 ಸೆಂಟಿಮೀಟರ್. ಅದು ನಿಮಿಷಕ್ಕೆ ಸುಮಾರು 2500 ಸಲ ತಿರುಗುತ್ತದೆ ಅಂತ ಮಾಮ ಹೇಳಿದರು. ಆಗ ನಾನು ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿ ನೋಡಿದೆ. ನೀವೂ ಮಾಡಿ.

ವ್ಯಾಸ 70 ಸೆಂಟಿಮೀಟರ್ ಆದರೆ ಪರಿಧಿ ಸುಮಾರು 2.2 ಮೀಟರ್. ನಿಮಿಷಕ್ಕೆ 2500 ಸುತ್ತು ಅಂದ್ರೆ ಸೆಕೆಂಡಿಗೆ ಸುಮಾರು 42 ಸುತ್ತು. 2.2ನ್ನು 42ರಿಂದ ಗುಣಿಸಿದರೆ 92 ಮೀಟರ್ ಚಿಲ್ಲರೆ. ಅಂದ್ರೆ ರೆಕ್ಕೆಯ ತುದಿ ಒಂದು ಸೆಕೆಂಡಿನಲ್ಲಿ 92 ಮೀಟರ್ ಓಡುತ್ತದೆ. ಗಂಟೆಗೆ ಸುಮಾರು 330 ಕಿಲೋಮೀಟರ್! ನಮ್ಮೂರಿಗೆ ಬರುವ ಬಸ್ಸು ಗಂಟೆಗೆ 40 ಕಿಲೋಮೀಟರ್ ಹೋದರೆ ನಾವು ಜೋರು ಅನ್ನುತ್ತೇವೆ. ಈ ಲೆಕ್ಕ ಮಾಡಿದ ಮೇಲೆ ನನಗೆ ಆ ರೆಕ್ಕೆ ಕುಡುಗೋಲಿನ ಹಾಗೆ ಕಾಣಿಸೋಕೆ ಶುರುವಾಯಿತು. ಅದು ಹೇಳಿದ ಮಾತು ಕೇಳುವ ತನಕ ಚೆನ್ನ. ಕೇಳದೆ ಹೋದರೆ?

ಈಗ ಅದು ಮಾತು ಕೇಳುವುದು ಹೇಗೆ ಅಂತ ಹೇಳುತ್ತೇನೆ. ಮಾಮನ ಕೈಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ ಎರಡು ಕಡ್ಡಿಗಳಿವೆ. ಅದು ಟ್ರಾನ್ಸ್‌ಮಿಟರ್, ಅಂದ್ರೆ ಅಲೆ ಕಳಿಸುವ ಯಂತ್ರ. ಹೆಲಿಕಾಪ್ಟರಿನ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಸೀವರ್ ಇದೆ. ಅದು ಅಲೆ ಹಿಡಿಯುವ ಯಂತ್ರ. ಅದರಿಂದ ಬೂದು ಬಣ್ಣದ ಎರಡು ದಾರದಂಥ ಆಂಟೆನಾ ಹೊರಗೆ ಬಂದಿರುತ್ತವೆ. ರಿಸೀವರಿಗೆ ಸರ್ವೋ ಅನ್ನುವ ನಾಲ್ಕು ಪುಟ್ಟ ಮೋಟಾರುಗಳನ್ನು ಸೇರಿಸಿದ್ದಾರೆ. ಮೂರು ಸರ್ವೋಗಳು ರೆಕ್ಕೆಯ ಕೆಳಗಿನ ಒಂದು ತಟ್ಟೆಯನ್ನು ಓರೆ ಮಾಡುತ್ತವೆ. ತಟ್ಟೆ ಯಾವ ಕಡೆ ಓರೆಯಾದರೆ ಹೆಲಿಕಾಪ್ಟರ್ ಆ ಕಡೆ ಹೋಗುತ್ತದೆ. ನಾಲ್ಕನೆಯದು ಬಾಲದ ರೆಕ್ಕೆಗೆ. ಮಾಮ ಕಡ್ಡಿ ಅಲ್ಲಾಡಿಸಿದರೆ ಇಲ್ಲಿ ತಟ್ಟೆ ಅಲ್ಲಾಡುತ್ತದೆ. ನಡುವೆ ದಾರ ಇಲ್ಲ, ತಂತಿ ಇಲ್ಲ, ಏನೂ ಇಲ್ಲ. ಕಣ್ಣಿಗೆ ಕಾಣದ ಅಲೆ ಒಂದೇ.

ಈ ಅಲೆಯ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. 1895ರಲ್ಲೇ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯ ಆಚೆಗೆ ಅಲೆ ಕಳಿಸಿ ಗಂಟೆ ಬಾರಿಸಿ ತೋರಿಸಿದರು, ಮದ್ದಿನ ಪುಡಿಯನ್ನೂ ಸಿಡಿಸಿದರು. 1898ರಲ್ಲಿ ನಿಕೋಲ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ನೀರಿನ ಮೇಲೆ ಪುಟ್ಟ ದೋಣಿಯನ್ನು ರೇಡಿಯೋ ಅಲೆಯಿಂದ ನಡೆಸಿದರು. ಮಾಮನ ಹೆಲಿಕಾಪ್ಟರ್ ಆ ದೋಣಿಯ ಮರಿಮೊಮ್ಮಗ ಅಂತ ನಾನು ಅಂದುಕೊಂಡೆ.

ಮಾಮನ ಪೆಟ್ಟಿಗೆಯ ಅಲೆ 2.4 ಗಿಗಾಹರ್ಟ್ಸ್. ಅಂದ್ರೆ ಒಂದು ಸೆಕೆಂಡಿಗೆ 240 ಕೋಟಿ ಸಲ ಮೇಲೆ ಕೆಳಗೆ ಆಗುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. 3 ಲಕ್ಷ ಕಿಲೋಮೀಟರನ್ನು 240 ಕೋಟಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ 12.5 ಸೆಂಟಿಮೀಟರ್ ಬರುತ್ತದೆ. ಆಂಟೆನಾಕ್ಕೆ ಅದರ ಕಾಲು ಭಾಗ ಸಾಕಂತೆ. ಅದು 3.1 ಸೆಂಟಿಮೀಟರ್. ನನ್ನ ಕಿರುಬೆರಳಿಗಿಂತ ಗಿಡ್ಡ! ಆ ದಾರ ಉದ್ದ ಇದ್ದರೂ ಕೊನೆಯ 3 ಸೆಂಟಿಮೀಟರ್ ಮಾತ್ರ ಅಲೆ ಹಿಡಿಯುವುದು. ಉಳಿದದ್ದು ಅದನ್ನು ಒಳಗೆ ಸಾಗಿಸುವ ದಾರಿ. ಮುಂದಿನ ಕಥೆಯಲ್ಲಿ ಇದು ಬರುತ್ತದೆ, ನೆನಪಿಟ್ಟುಕೊಳ್ಳಿ.

ಹಿಂದಿನ ಕಾಲದ ರೇಡಿಯೋಗಳು ಬೇರೆ ಥರ ಇದ್ದವಂತೆ. ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಯುರೋಪಿನಲ್ಲಿ 35 ಮೆಗಾಹರ್ಟ್ಸ್. ಆ ಅಲೆಗಳು ಉದ್ದ, ಅದಕ್ಕೇ ಪೆಟ್ಟಿಗೆಯ ಆಂಟೆನಾವನ್ನು ನಮ್ಮ ಅಜ್ಜನ ರೇಡಿಯೋದ ಹಾಗೆ ಉದ್ದಕ್ಕೆ ಎಳೆಯಬೇಕಿತ್ತು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಪೆಟ್ಟಿಗೆ ಹಾಕಿದರೆ ಹಾರುತ್ತಿದ್ದದ್ದು ಬೀಳುತ್ತಿತ್ತು. ಅದಕ್ಕೆ ಮೈದಾನದಲ್ಲಿ ಒಂದು ಹಲಗೆ ಇಟ್ಟು, ಚಾನೆಲ್ಲಿಗೆ ಒಂದರಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಕ್ಲಿಪ್ಪು ಯಾರ ಹತ್ತಿರ ಇದೆಯೋ ಅವರು ಮಾತ್ರ ಹಾರಿಸಬೇಕು. ಈಗಿನ ರೇಡಿಯೋಗಳು ತಾವೇ ಜಾಗ ಬದಲಾಯಿಸಿಕೊಂಡು ಒಂದರ ಮಾತು ಇನ್ನೊಂದಕ್ಕೆ ಬೆರೆಯದ ಹಾಗೆ ನೋಡಿಕೊಳ್ಳುತ್ತವೆ. ಆದರೂ ಒಂದು ಪದ್ಧತಿ ಮಾತ್ರ ಅವತ್ತಿನಿಂದ ಇವತ್ತಿನವರೆಗೆ ಹೋಗಿಲ್ಲ. ಅದೇ ರೇಂಜ್ ಪರೀಕ್ಷೆ. ಅಂದ್ರೆ ಪೆಟ್ಟಿಗೆಯ ಮಾತು ಎಷ್ಟು ದೂರದ ತನಕ ಹೆಲಿಕಾಪ್ಟರಿಗೆ ಕೇಳಿಸುತ್ತದೆ ಅಂತ ಹಾರಿಸುವ ಮೊದಲೇ ನೆಲದ ಮೇಲೆ ನೋಡುವುದು.

"ಅಷ್ಟು ದೂರ ಯಾರು ಮಾಮ ನಡೆಯೋದು?" ಅಂತ ನಾನು ಕೇಳಿದೆ. ಅದಕ್ಕೆ ಒಂದು ಜಾಣತನ ಇದೆ. ಪೆಟ್ಟಿಗೆಯಲ್ಲಿ ರೇಂಜ್ ಪರೀಕ್ಷೆಯ ಗುಂಡಿ ಇದೆ. ಅದನ್ನು ಒತ್ತಿ ಹಿಡಿದರೆ ಅಲೆಯ ಬಲ ತುಂಬಾ ಕಡಿಮೆಯಾಗುತ್ತದೆ. ಲಾಟೀನಿನ ಬತ್ತಿ ಇಳಿಸಿದ ಹಾಗೆ. ಲಾಟೀನಿನಿಂದ ಎರಡರಷ್ಟು ದೂರ ಹೋದರೆ ಬೆಳಕು ಕಾಲು ಭಾಗ ಆಗುತ್ತದೆ, ಹತ್ತರಷ್ಟು ದೂರ ಹೋದರೆ ನೂರರಲ್ಲಿ ಒಂದು ಭಾಗ. ಅಲೆಗೂ ಅದೇ ಲೆಕ್ಕ. ಬಲವನ್ನು ನೂರರಲ್ಲಿ ಒಂದು ಭಾಗಕ್ಕೆ ಇಳಿಸಿದಾಗ 30 ಹೆಜ್ಜೆ ಕೇಳಿಸಿದರೆ, ಪೂರ್ತಿ ಬಲದಲ್ಲಿ 300 ಹೆಜ್ಜೆ ಕೇಳಿಸಬೇಕು. 30 ಹೆಜ್ಜೆ ಅಂದ್ರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 28 ಮೀಟರ್. ಎಲ್ಲಾ ರೇಡಿಯೋಗಳೂ ಒಂದೇ ಅಲ್ಲ. ಅದರ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಹೆಜ್ಜೆ ಅಂತ ಬರೆದಿದೆಯೋ ಅಷ್ಟು ನಡೆಯಬೇಕು.

ಪರೀಕ್ಷೆ ಮಾಡುವ ಕ್ರಮವನ್ನು ಮಾಮ ನನಗೆ ಬಾಯಿಪಾಠ ಮಾಡಿಸಿದರು. ಮೊದಲು ರೆಕ್ಕೆಗಳನ್ನು ಬಿಚ್ಚಿಡಬೇಕು, ಬಾಲದ ರೆಕ್ಕೆಯನ್ನೂ ಬಿಡಬಾರದು. ಹೆಲಿಕಾಪ್ಟರನ್ನು ನೆಲದ ಮೇಲೆ ಇಡದೆ ಮರದ ಸ್ಟೂಲಿನ ಮೇಲೆ ಇಡಬೇಕು, ಯಾಕಂದ್ರೆ ನೆಲ ಅಲೆಯನ್ನು ನುಂಗುತ್ತದೆ. ಮೊದಲು ಪೆಟ್ಟಿಗೆ ಆನ್, ಆಮೇಲೆ ಹೆಲಿಕಾಪ್ಟರಿನ ಬ್ಯಾಟರಿ. ಮುಗಿದ ಮೇಲೆ ಉಲ್ಟಾ, ಮೊದಲು ಹೆಲಿಕಾಪ್ಟರ್, ಕೊನೆಗೆ ಪೆಟ್ಟಿಗೆ. ಒಬ್ಬರು ಪೆಟ್ಟಿಗೆ ಹಿಡಿದು ಹೆಜ್ಜೆ ಎಣಿಸುತ್ತಾ ಹಿಂದೆ ಹೋಗಬೇಕು, ಕಡ್ಡಿಯನ್ನು ನಿಧಾನವಾಗಿ ಆಡಿಸುತ್ತಿರಬೇಕು. ಇನ್ನೊಬ್ಬರು ತಟ್ಟೆಯನ್ನೇ ನೋಡುತ್ತಿರಬೇಕು, ಕಣ್ಣು ಮಿಟುಕಿಸಬಾರದು! 30 ಹೆಜ್ಜೆ ಆದ ಮೇಲೆ ಹೆಲಿಕಾಪ್ಟರಿನ ಮೂತಿ, ಎಡ ಮಗ್ಗುಲು, ಬಾಲ, ಬಲ ಮಗ್ಗುಲು, ಹೀಗೆ ನಾಲ್ಕೂ ಕಡೆ ತಿರುಗಿಸಿ ನೋಡಬೇಕು. ಅದರ ಮೈ ಕಾರ್ಬನ್ ನಾರಿನದು, ಬ್ಯಾಟರಿಯೂ ದಪ್ಪ. ಅಲೆಗೆ ಅವು ಅಡ್ಡ ಬರುತ್ತವೆ. ಅದಕ್ಕೇ ಎರಡು ಆಂಟೆನಾ ಇಟ್ಟು, ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ ಕಟ್ಟಿರುತ್ತಾರೆ. ಒಂದಕ್ಕೆ ಕೇಳಿಸದಿದ್ದರೆ ಇನ್ನೊಂದಕ್ಕೆ ಕೇಳಿಸಲಿ ಅಂತ.

ಅದು ಸರಿಯಾದರೆ ರೆಕ್ಕೆ ಇಲ್ಲದೆ ಮೋಟಾರು ಓಡಿಸಿ ಮತ್ತೊಮ್ಮೆ ನೋಡಬೇಕು. ಕೆಲವು ಹೆಲಿಕಾಪ್ಟರಿನಲ್ಲಿ ಬಾಲವನ್ನು ತಿರುಗಿಸೋಕೆ ರಬ್ಬರ್ ಬೆಲ್ಟು ಇರುತ್ತದೆ. ಬೆಲ್ಟು ಉಜ್ಜಿ ಉಜ್ಜಿ ಒಣ ಹವೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ವಿಜ್ಞಾನದ ಪಿರಿಯಡ್ಡಿನಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎಳೆದೆವಲ್ಲ, ಅದೇ! ಆ ಕಿಡಿ ರಿಸೀವರನ್ನು ಗಲಿಬಿಲಿ ಮಾಡಬಹುದು. ಕೊನೆಯದಾಗಿ ಪೆಟ್ಟಿಗೆಯನ್ನೇ ಆಫ್ ಮಾಡಿ ನೋಡಬೇಕು. ಮಾತು ನಿಂತ ತಕ್ಷಣ ಮೋಟಾರು ತಾನಾಗಿ ನಿಲ್ಲಬೇಕು. ಇದಕ್ಕೆ ಫೇಲ್‌ಸೇಫ್ ಅನ್ನುತ್ತಾರೆ. ಎಲ್ಲಾ ಮುಗಿದ ಮೇಲೆ ರೇಂಜ್ ಗುಂಡಿ ಬಿಟ್ಟು ಪೂರ್ತಿ ಬಲಕ್ಕೆ ಬಂದಿದೆಯಾ ಅಂತ ನೋಡಿಯೇ ರೆಕ್ಕೆ ಹಾಕಬೇಕು.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಬಲಿಪಾಡ್ಯಮಿಯ ಮಾರನೆಯ ದಿನ. ಕಡಲೆಕಾಯಿ ಕಿತ್ತು ಹೊಲ ಖಾಲಿಯಾಗಿತ್ತು. ನಮ್ಮೂರು ನಕ್ಷೆಯಲ್ಲಿ ಹಸಿರು ಜಾಗದಲ್ಲಿದೆಯಾ ಅಂತ ಮಾಮ ಮೊದಲೇ ಫೋನಿನಲ್ಲಿ ನೋಡಿದ್ದರು. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ನಕ್ಷೆಯನ್ನು ಹಸಿರು, ಹಳದಿ, ಕೆಂಪು ಅಂತ ಭಾಗ ಮಾಡಿದ್ದಾರೆ. ಕೆಂಪು ಜಾಗದಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಮಾಮ ಒಂದು ಸುಣ್ಣದ ಗೆರೆ ಎಳೆದು, ಯಾರೂ ಗೆರೆ ದಾಟಬಾರದು ಅಂದರು. ಹೊತ್ತು ನಾಲ್ಕು ಗಂಟೆ ಆಗುವಷ್ಟರಲ್ಲಿ ಅರ್ಧ ಊರೇ ಬಂದಿತ್ತು. ಅಜ್ಜಿ ಪಕ್ಕದೂರಿನ ನೆಂಟರಿಗೂ ಹೇಳಿ ಕಳಿಸಿದ್ದಳು. ನಮ್ಮ ಅಣ್ಣ ಕ್ರಿಕೆಟ್ ತಂಡದವರನ್ನೆಲ್ಲ ಕರೆದಿದ್ದ. ನನ್ನ ತಂಗಿ ಗೆರೆಯ ಹತ್ತಿರ ಮುಂದಿನ ಸಾಲಿನಲ್ಲಿ ಬೆಲ್ಲ ತಿನ್ನುತ್ತಾ ಕೂತಿದ್ದಳು.

ತಟ್ಟೆ ನೋಡುವ ಕೆಲಸ ನನ್ನದು. ಸರಿ ಇದ್ದರೆ ಒಂದು ಕೈ ಎತ್ತಬೇಕು, ಏನಾದರೂ ಕಂಡರೆ ಎರಡೂ ಕೈ ಎತ್ತಬೇಕು ಅಂತ ಮಾತಾಗಿತ್ತು. ಮಾಮ ಜೋರಾಗಿ ಎಣಿಸುತ್ತಾ ಹೋದರು. ಹತ್ತು. ಸರಿ. ಇಪ್ಪತ್ತು. ಸರಿ. ಮೂವತ್ತು. ಮೂತಿ ಮಾಮನ ಕಡೆ ಇತ್ತು, ತಟ್ಟೆ ನೀರಿನಲ್ಲಿ ಎಲೆ ತೇಲಿದ ಹಾಗೆ ನಯವಾಗಿ ಆಡುತ್ತಿತ್ತು. ಎಡ ಮಗ್ಗುಲು ತಿರುಗಿಸಿದೆ. ಸರಿ. ಬಾಲವನ್ನು ಮಾಮನ ಕಡೆ ತಿರುಗಿಸಿದೆ. ಆಡುತ್ತಿದ್ದ ತಟ್ಟೆ ಗಕ್ಕನೆ ನಿಂತಿತು. ಅರ್ಧ ಸೆಕೆಂಡು ಇರಬಹುದು. ಆಮೇಲೆ ಒಂದು ಸಲ ಜಿಗಿದು ಮತ್ತೆ ಆಡತೊಡಗಿತು.

ಗೆರೆಯ ಆಚೆ ಇದ್ದವರಿಗೆ ಇದು ಕಾಣಿಸಲಿಲ್ಲ. 28 ಮೀಟರ್ ದೂರದಲ್ಲಿದ್ದ ಮಾಮನಿಗೂ ಕಾಣಿಸಲಿಲ್ಲ. ಕಂಡದ್ದು ನನಗೊಬ್ಬಳಿಗೆ. ಹಿಂದಿನಿಂದ ಯಾರೋ "ಏನೂ ಇಲ್ಲ ಅನ್ನೇ, ಬೇಗ ಹಾರಿಸ್ಲಿ" ಅಂದರು. ಹಾರೋದು ನೋಡಬೇಕು ಅಂತ ಎಲ್ಲರಿಗಿಂತ ಹೆಚ್ಚು ಆಸೆ ನನಗೇ ಇತ್ತು. ಎಂಟು ದಿನದಿಂದ ಕಾದಿದ್ದೆ. ಆದರೆ ಅರ್ಧ ಸೆಕೆಂಡಿನಲ್ಲಿ ರೆಕ್ಕೆ 21 ಸುತ್ತು ಸುತ್ತುತ್ತದೆ, ಅಷ್ಟು ಹೊತ್ತು ಅದು ಯಾರ ಮಾತನ್ನೂ ಕೇಳುವುದಿಲ್ಲ. ಬೆಲ್ಲ ತಿನ್ನುತ್ತಿದ್ದ ತಂಗಿ ಕಣ್ಣಿಗೆ ಬಿದ್ದಳು. ನಾನು ಎರಡೂ ಕೈ ಎತ್ತಿದೆ.

ಮಾಮ ಬಂದು ಕೇಳಿದರು, ನಾನು ಕಂಡದ್ದು ಹೇಳಿದೆ. "ಖಂಡಿತಾನಾ?" ಅಂದರು. "ಖಂಡಿತ ಮಾಮ" ಅಂದೆ. ಮತ್ತೆ ಮಾಡಿದೆವು. ಬಾಲ ತಿರುಗಿಸಿದಾಗ ಮತ್ತೆ ನಿಂತಿತು. ಮೂರನೇ ಸಲ ಮಾಮ 20 ಹೆಜ್ಜೆಗೇ ನಿಂತರು, ಆಗಲೂ ಒಂದು ಸಲ ನಿಂತಿತು. ಮಾಮ ಬ್ಯಾಟರಿ ಬಿಚ್ಚಿದರು. "ಇವತ್ತು ಹಾರಿಸಲ್ಲ, ಎಲ್ಲರೂ ಕ್ಷಮಿಸಿ" ಅಂದರು.

ಜನ ಸುಮ್ಮನೆ ಬಿಡಲಿಲ್ಲ. "ದೂರ ಬೇಡ, ಇಲ್ಲೇ ಹತ್ತಿರ ಹಾರಿಸು" ಅಂದರು ಒಬ್ಬರು. ಮಾಮ ನಗುತ್ತಾ "ಹತ್ತಿರ ಅಂದ್ರೆ ನಿಮ್ಮ ಹತ್ತಿರ ಅಲ್ವಾ, ಅದೇ ಕಷ್ಟ" ಅಂದರು. "ಮಾತು ನಿಂತ್ರೆ ಮೋಟಾರು ತಾನೇ ನಿಲ್ಲುತ್ತೆ ಅಂದ್ರಲ್ಲ" ಅಂತ ಇನ್ನೊಬ್ಬರು. ಮೋಟಾರೇನೋ ನಿಲ್ಲುತ್ತದೆ, ಆದರೆ ತಿರುಗುವ ರೆಕ್ಕೆ ಸಮೇತ ಎಲ್ಲಿದೆಯೋ ಅಲ್ಲೇ ಕೆಳಗೆ ಬೀಳುತ್ತದೆ. ಫೇಲ್‌ಸೇಫ್ ದೊಡ್ಡ ಅಪಾಯವನ್ನು ಚಿಕ್ಕದು ಮಾಡುತ್ತದೆಯೇ ಹೊರತು ಇಲ್ಲ ಅನ್ನಿಸುವುದಿಲ್ಲ. ಜನ "ಬೆಂಗಳೂರಿನ ಬಡಾಯಿ" ಅಂತ ನಕ್ಕು ಹೊರಟರು. ಅಜ್ಜಿಗೆ ನೆಂಟರ ಮುಂದೆ ಅವಮಾನ ಆಯಿತು. ಅಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ರಾತ್ರಿ ಮಾಮ ನಡುಮನೆಯಲ್ಲಿ ಹೆಲಿಕಾಪ್ಟರ್ ಬಿಚ್ಚಿದರು. ನಾನು ಭೂತಗನ್ನಡಿ ಹಿಡಿದೆ. ಒಂದು ಆಂಟೆನಾ ದಾರ ಕಾರ್ಬನ್ ತಗಡಿನ ಅಂಚಿನ ಮೇಲೆ ಹಾದು ಹೋಗಿತ್ತು. ಆ ಅಂಚು ಬ್ಲೇಡಿನ ಹಾಗೆ ಚೂಪು. ಹಾರುವಾಗಿನ ನಡುಕಕ್ಕೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹರಿದು ಒಳಗಿನ ತಂತಿಯೂ ತುಂಡಾಗಿತ್ತು. ತುದಿಯ ಆ 3 ಸೆಂಟಿಮೀಟರ್ ಇತ್ತು, ಆದರೆ ಅದು ಹಿಡಿದ ಮಾತು ಒಳಗೆ ಹೋಗೋಕೆ ದಾರಿ ಇರಲಿಲ್ಲ. ಉಳಿದದ್ದು ಒಂದೇ ಆಂಟೆನಾ. ಬಾಲ ಈ ಕಡೆ ತಿರುಗಿದಾಗ ಅದಕ್ಕೆ ಬ್ಯಾಟರಿ, ಮೈ ಎಲ್ಲಾ ಅಡ್ಡ ಬರುತ್ತಿತ್ತು. ಅದಕ್ಕೇ ಆ ಒಂದು ದಿಕ್ಕಿನಲ್ಲಿ ಮಾತ್ರ ಕಿವುಡಾಗುತ್ತಿತ್ತು. ನಾಲ್ಕೂ ಕಡೆ ತಿರುಗಿಸಿ ನೋಡು ಅಂದದ್ದು ಯಾಕೆ ಅಂತ ಆಗ ನನಗೆ ಪೂರ್ತಿ ತಿಳಿಯಿತು. ಅಜ್ಜಿಗೂ ಭೂತಗನ್ನಡಿ ಕೊಟ್ಟು ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿ, "ಕೂದಲಷ್ಟು ತಂತಿ" ಅಂದಳು. ಆಮೇಲೆ ಮಾಮನಿಗೆ ಇನ್ನೊಂದು ಹೋಳಿಗೆ ಬಡಿಸಿದಳು.

ಶಾಲೆ ಶುರುವಾದ ಮೇಲೆ ನಾನು ಈ ವಿಷಯ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಚಂದ್ರಯಾನ-2ರ ಕಥೆ ಹೇಳಿದರು. 2019ರ ಜುಲೈ 15ರ ಬೆಳಗಿನ ಜಾವ ಶ್ರೀಹರಿಕೋಟಾದಲ್ಲಿ ರಾಕೆಟ್ ಸಿದ್ಧವಾಗಿ ನಿಂತಿತ್ತು. ರಾಷ್ಟ್ರಪತಿಗಳೇ ನೋಡೋಕೆ ಬಂದಿದ್ದರು. ಇನ್ನು 56 ನಿಮಿಷ ಇದೆ ಅನ್ನುವಾಗ ತಾಂತ್ರಿಕ ದೋಷ ಕಂಡಿತು. ಇಸ್ರೋದವರು ಉಡಾವಣೆ ನಿಲ್ಲಿಸಿಬಿಟ್ಟರು. ಸರಿಪಡಿಸಿ ಜುಲೈ 22ರಂದು ಹಾರಿಸಿದರು, ರಾಕೆಟ್ ಸರಿಯಾಗಿ ಮೇಲೆ ಹೋಯಿತು. ರಾಷ್ಟ್ರಪತಿಗಳ ಮುಂದೆಯೇ ಇವತ್ತು ಬೇಡ ಅನ್ನಬಹುದಾದರೆ ನಮ್ಮೂರಿನವರ ಮುಂದೆ ಅನ್ನೋದರಲ್ಲಿ ಏನು ತಪ್ಪು? ನೀವೇ ಹೇಳಿ.

ಮೇಷ್ಟ್ರು ಇನ್ನೊಂದು ಸಂಗತಿಯನ್ನೂ ಹೇಳಿದರು. ಮಂಗಳ ಗ್ರಹದ ಮೇಲೂ ಒಂದು ಪುಟ್ಟ ಹೆಲಿಕಾಪ್ಟರ್ ಹಾರಿದೆ. ಹೆಸರು ಇಂಜೆನ್ಯುಯಿಟಿ, ತೂಕ 1.8 ಕೆ.ಜಿ. 2021ರ ಏಪ್ರಿಲ್ 19ರಂದು ಮೊದಲ ಸಲ ಹಾರಿತು. 2024ರ ಜನವರಿಯಲ್ಲಿ ರೆಕ್ಕೆ ಮುರಿಯುವ ತನಕ ಒಟ್ಟು 72 ಸಲ ಹಾರಿತು. ಅದು ಪರ್ಸಿವೆರೆನ್ಸ್ ಎಂಬ ಗಾಡಿಯ ಜೊತೆ ರೇಡಿಯೋದಲ್ಲಿ ಮಾತಾಡುತ್ತಿತ್ತು. 2023ರ ಏಪ್ರಿಲ್ 26ರಂದು 52ನೇ ಸಲ ಹಾರಿ ಇಳಿಯುವಾಗ ನಡುವೆ ಒಂದು ಗುಡ್ಡ ಅಡ್ಡ ಬಂದು ಮಾತು ನಿಂತುಹೋಯಿತು. ಗಾಡಿ ಆ ಗುಡ್ಡ ಹತ್ತಿ ಬರುವ ತನಕ 63 ದಿನ ಸುದ್ದಿಯೇ ಇಲ್ಲ! ಭೂಮಿಯಿಂದ ಮಂಗಳಕ್ಕೆ ಅಲೆ ಹೋಗೋಕೇ ಎಷ್ಟೋ ನಿಮಿಷ ಬೇಕು, ಆದ್ದರಿಂದ ಅದನ್ನು ತಾನೇ ಹಾರಿ ತಾನೇ ಇಳಿಯುವ ಹಾಗೆ ಮಾಡಿದ್ದರು. ಹಾಗಾಗಿ ಅದು ಕ್ಷೇಮವಾಗಿತ್ತು. ಮಾಮನ ಹೆಲಿಕಾಪ್ಟರಿಗೆ ಅಷ್ಟು ಬುದ್ಧಿ ಇಲ್ಲ. ಅದರ ಬುದ್ಧಿ ಎಲ್ಲಾ ಮಾಮನ ಕೈಯಲ್ಲಿದೆ. ನಡುವಿನ ಅಲೆ ಕಡಿದರೆ ಬುದ್ಧಿಯೂ ಕಡಿಯಿತು.

ಸಂಕ್ರಾಂತಿಗೆ ಮಾಮ ಹೊಸ ರಿಸೀವರ್ ಹಾಕಿಸಿಕೊಂಡು ಬಂದರು. ಈ ಸಲ ಆಂಟೆನಾಗಳನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಚೂಪು ಅಂಚಿಗೆ ತಾಗದ ಹಾಗೆ ಕಟ್ಟಿದ್ದರು. ಸೇರಿದ್ದು ಮನೆಯವರು ಮತ್ತು ಏಳೆಂಟು ಜನ ಅಷ್ಟೆ. 30 ಹೆಜ್ಜೆ, ನಾಲ್ಕೂ ಮಗ್ಗುಲು, ಮೋಟಾರು ಓಡಿಸಿ ಮತ್ತೆ 30 ಹೆಜ್ಜೆ, ಪೆಟ್ಟಿಗೆ ಆಫ್, ಎಲ್ಲಾ ಸರಿ ಇತ್ತು. ನಾನು ಒಂದು ಕೈ ಎತ್ತಿದೆ. ರೆಕ್ಕೆ ಹಾಕಿ ನಾವೆಲ್ಲ ಗೆರೆಯ ಆಚೆ ಬಂದೆವು. ಸುಂಯ್ ಅಂತ ಸದ್ದು ಮಾಡುತ್ತಾ ಕೆಂಪು ಧೂಳೆಬ್ಬಿಸಿ ಅದು ಮೇಲೆದ್ದಿತು. ನಮ್ಮ ಹುಣಸೆ ಮರದ ಎತ್ತರದಲ್ಲಿ ನಿಂತು, ಬಾಲವನ್ನು ಮಾಮನ ಕಡೆ ತಿರುಗಿಸಿತು. ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಆ ಬಾಲವನ್ನೇ ನೋಡುತ್ತಿದ್ದೆ. ಅದು ಅಲುಗದೆ ನಿಂತಿತ್ತು.

ಗೆಳೆಯರೆ, ನಮ್ಮೂರ ತೇರು ಎಳೆಯುವ ಮೊದಲು ಹಗ್ಗ ಮತ್ತು ಗಾಲಿ ನೋಡುತ್ತಾರೆ. ಬಾವಿಗೆ ಇಳಿಯುವವರು ಹಗ್ಗವನ್ನು ಮೂರು ಸಲ ಜಗ್ಗಿ ನೋಡುತ್ತಾರೆ. ಆಗ ಯಾರೂ ನಗುವುದಿಲ್ಲ. ಕಾಣುವ ಹಗ್ಗಕ್ಕೆ ಇಷ್ಟು ಜೋಪಾನ ಮಾಡುವ ನಾವು ಕಾಣದ ಅಲೆಗೂ ಮಾಡಬೇಕಲ್ಲವೆ? ರೇಂಜ್ ಪರೀಕ್ಷೆ ಅಂದ್ರೆ ಕಾಣದ ಹಗ್ಗವನ್ನು ಜಗ್ಗಿ ನೋಡುವುದು, ಅಷ್ಟೆ. ಜಗ್ಗಿದಾಗ ಅದು ಸಡಿಲ ಅನ್ನಿಸಿದರೆ, ಎಷ್ಟು ಜನ ಕಾದಿದ್ದರೂ ಕಂಡದ್ದನ್ನು ಹೇಳಬೇಕು. ನೋಡುವವರು ಸುಮ್ಮನಿದ್ದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ.

ಇನ್ನು ಮೇಲೆ ನನ್ನನ್ನು ಯಾರೂ "ಅವತ್ತು ಯಾಕೆ ಹಾರಿಸಲಿಲ್ಲ" ಅಂತ ಕೇಳಬೇಡಿ. ಬೇಕಾದರೆ ತುಂಡಾದ ಆ ಆಂಟೆನಾ ದಾರ ಕೇಳಿ, ತೋರಿಸುತ್ತೇನೆ. ಮಾಮ ಅದನ್ನು ನನಗೇ ಕೊಟ್ಟಿದ್ದಾರೆ. ನನ್ನ ಕಂಪಾಸು ಪೆಟ್ಟಿಗೆಯಲ್ಲಿದೆ.

– 7ನೇ ತರಗತಿಯ ವಿದ್ಯಾರ್ಥಿನಿ